‘ಕಾಪಿರೈಟ್ ಇದೆ ಸಾರ್’ ಅಂದವರಿಗೆ ಒಂದು ಬಹಿರಂಗ ಪತ್ರ

ನಾಡಿನ ವಸ್ತುಸಂಗ್ರಹಾಲಯ, ಅರಮನೆ, ದಾಖಲೆ ಭಂಡಾರಗಳಲ್ಲಿ ಹಳೆಯ ಭಾವಚಿತ್ರಗಳನ್ನು ಕಾಯುತ್ತಿರುವ ಎಲ್ಲ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಚಾಮರಾಜನಗರ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಇಪ್ಪತ್ತೆರಡು ವರ್ಷ ಆಯಿತು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಪತ್ರ, ಇವುಗಳ ಮಧ್ಯೆ ವರ್ಷವಿಡೀ ಜಯಂತಿಗಳ ಬ್ಯಾನರು. ಫ್ಲೆಕ್ಸ್ ನಿಷೇಧ ಆಗಿದೆ ಅಂತ ನನಗೂ ಗೊತ್ತು, ಈಗ ಬಟ್ಟೆ ಮೇಲೆ ಮುದ್ರಿಸುತ್ತೇವೆ. ಆದರೂ ಜನ ಅದನ್ನು ಫ್ಲೆಕ್ಸ್ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ, ಬೋರ್ಡೂ ಬದಲಾಯಿಸಿಲ್ಲ.

ಇತಿಹಾಸ ಓದಿದವನಲ್ಲ ನಾನು. ಪಿಯುಸಿ ಆದಮೇಲೆ ನೇರ ಕಂಪ್ಯೂಟರ್ ಮುಂದೆ ಕೂತವನು. ಆದರೆ ಕೆಂಪೇಗೌಡರು ಹೇಗಿದ್ದರು, ಕಿತ್ತೂರು ಚೆನ್ನಮ್ಮ ಹೇಗಿದ್ದರು ಅಂತ ನಮ್ಮೂರಿನ ಮಕ್ಕಳು ತಿಳಿದುಕೊಳ್ಳುವುದು ಪಠ್ಯಪುಸ್ತಕಕ್ಕಿಂತ ಜಾಸ್ತಿ ನನ್ನ ಅಂಗಡಿಯಿಂದ. ಬಸ್ ಸ್ಟ್ಯಾಂಡ್ ಎದುರು ಹತ್ತು ಅಡಿ ಎತ್ತರಕ್ಕೆ ಯಾವ ಮುಖ ನಿಲ್ಲಿಸುತ್ತೇನೋ ಅದೇ ಅವರಿಗೆ ಆ ಮನುಷ್ಯರ ಮುಖ. ಈ ಹೊಣೆಯನ್ನು ನಾನು ಕೇಳಿ ಪಡೆದಿಲ್ಲ, ಹೇಗೋ ಹೆಗಲಿಗೆ ಬಿದ್ದಿದೆ. ಹಳೆಯ ಚಿತ್ರದ ಕಾಪಿ ಕೇಳಿದರೆ ‘ಕಾಪಿರೈಟ್ ಇದೆ’ ಅಂತ ವಾಪಸ್ ಕಳಿಸುವ ನಿಮ್ಮ ಪಾಲೂ ಅದರಲ್ಲಿ ಇದೆ ಅಂತ ಹೇಳುವುದಕ್ಕೇ ಈ ಪತ್ರ.

ಒಂದು ಸಂಜೆ ನಾಲ್ಕು ಹುಡುಗರು ಬಂದರು. ಟಿಪ್ಪು ಸುಲ್ತಾನ್ ಬ್ಯಾನರು ಆಗಬೇಕು, ಎಂಟು ಬೈ ಹತ್ತು, ನಾಳೆ ಬೆಳಗ್ಗೆಗೆ. ಒಬ್ಬ ಮೊಬೈಲ್ ಮುಂದೆ ಹಿಡಿದ. ಗಡ್ಡ ಬಿಟ್ಟ, ತಲೆಗೆ ಬಟ್ಟೆ ಸುತ್ತಿದ ಒಬ್ಬ ಮನುಷ್ಯನ ಕಪ್ಪುಬಿಳುಪು ಫೋಟೋ. “ಅಣ್ಣಾ, ಇದೇ ಒರಿಜಿನಲ್ ಅಂತೆ. ಲಂಡನ್ ಮ್ಯೂಸಿಯಂನಲ್ಲಿ ಇದೆ ಅಂತೆ. ಪುಸ್ತಕದಲ್ಲಿರೋದೆಲ್ಲ ಸುಳ್ಳು.”

ನಾನು ಪೇಪರ್ ಮೇಲೆ ಎರಡು ಇಸವಿ ಬರೆದು ತೋರಿಸಿದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದಿದ್ದು 1799ರ ಮೇ 4ರಂದು. ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬುವರ ಫೋಟೋ ತೆಗೆಯುವ ವಿಧಾನ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ. ನಡುವೆ ನಲವತ್ತು ವರ್ಷ. ಹುಡುಗ ಸ್ವಲ್ಪ ಹೊತ್ತು ಪೇಪರನ್ನೇ ನೋಡಿದ. “ಹಂಗಾದ್ರೆ ಈ ಯಪ್ಪ ಯಾರಣ್ಣ?”

ಹುಡುಕಿದೆವು. ಅವನು ಟಿಪ್ಪು ಟಿಪ್. ಆಫ್ರಿಕಾದ ಜಂಜಿಬಾರಿನ ವ್ಯಾಪಾರಿ. ಆನೆದಂತ ಮಾರಿದವನು, ಗುಲಾಮರನ್ನೂ ಮಾರಿದವನು. ಸತ್ತಿದ್ದು 1905ರಲ್ಲಿ. ಹೆಸರಿನ ಮೊದಲರ್ಧ ಕೂಡಿ ಬಂತು ಅನ್ನುವುದೊಂದೇ ಕಾರಣಕ್ಕೆ ಆ ಮನುಷ್ಯ ಮೈಸೂರಿನ ಸುಲ್ತಾನನಾಗಿ ಲಕ್ಷಾಂತರ ಮೊಬೈಲುಗಳಲ್ಲಿ ಕೂತಿದ್ದಾನೆ. ಟಿಪ್ಪು ಬಗ್ಗೆ ಯಾರಿಗೆ ಏನು ಅಭಿಪ್ರಾಯ ಇದ್ದರೂ ಇರಲಿ. ಹೊಗಳುವವರೂ ಇದೇ ಫೋಟೋ ಹಂಚಿದ್ದಾರೆ, ಬಯ್ಯುವವರೂ ಇದೇ ಫೋಟೋ ಹಂಚಿದ್ದಾರೆ. ಇಷ್ಟು ಒಗ್ಗಟ್ಟು ಬೇರೆ ಯಾವ ವಿಷಯದಲ್ಲೂ ನಾನು ಕಂಡಿಲ್ಲ.

ಅವತ್ತಿನಿಂದ ನನ್ನ ಕೌಂಟರ್ ಹಿಂದೆ 1839 ಅಂತ ಬರೆದು ಅಂಟಿಸಿದ್ದೇನೆ. ಅದಕ್ಕಿಂತ ಮುಂಚೆ ತೀರಿಕೊಂಡವರ ‘ಒರಿಜಿನಲ್ ಫೋಟೋ’ ತಂದರೆ ಅದರ ಕಡೆ ಕೈ ತೋರಿಸುತ್ತೇನೆ. ಕಿತ್ತೂರು ಚೆನ್ನಮ್ಮ ತೀರಿಕೊಂಡಿದ್ದು 1829ರಲ್ಲಿ. ಸಂಗೊಳ್ಳಿ ರಾಯಣ್ಣನನ್ನು ನೇಣಿಗೆ ಹಾಕಿದ್ದು 1831ರಲ್ಲಿ. ಇಬ್ಬರದ್ದೂ ಫೋಟೋ ಇರಲು ಸಾಧ್ಯವೇ ಇಲ್ಲ.

ಸುಳ್ಳು ಫೋಟೋ ಬೇಡ ಅಂತ ಹೇಳುವುದು ಸುಲಭ. ಆಮೇಲೆ ಆ ಹುಡುಗರು ಕೇಳಿದ್ದು ಇನ್ನೊಂದು ಪ್ರಶ್ನೆ. “ಸರಿ ಅಣ್ಣ, ನಿಜವಾದ್ದು ಕೊಡು.” ಇಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ 1784ರಲ್ಲಿ ಕಟ್ಟಿದ್ದು. ಅದರ ಗೋಡೆಯ ಮೇಲೆ, ಬ್ರಿಟಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ಚಿತ್ರ ಇದೆ, ಅದರಲ್ಲಿ ಹೈದರ್ ಮತ್ತು ಟಿಪ್ಪು ಇಬ್ಬರೂ ಇದ್ದಾರೆ. ಟಿಪ್ಪು ಕಾಲದಲ್ಲೇ ಬರೆಸಿದ್ದು. ಆದರೆ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ, 1855ರ ಸುಮಾರಿಗೆ, ಅದಕ್ಕೆ ಮತ್ತೆ ಬಣ್ಣ ಬಿದ್ದಿದೆ. ಹಾಗಾದರೆ ಇವತ್ತು ನಾವು ನೋಡುವ ಮುಖ ಎಷ್ಟು ಹಳೆಯದು? ಗೋಡೆ ನಿಜ, ಮುಖದ ಬಗ್ಗೆ ಒಂದು ಸಾಲು ವಿವರಣೆ ಬೇಕಾಗುತ್ತೆ ಅಲ್ವಾ? ಆ ಒಂದು ಸಾಲು ಚಿತ್ರದ ಜೊತೆಗೇ ಬಂದರೆ ನಾನು ಅದನ್ನೂ ಕೆಳಗೆ ಹಾಕುತ್ತೇನೆ. ಬರುವುದಿಲ್ಲ. ಚಿತ್ರ ಒಂದೇ ಬರುತ್ತೆ, ಅಡ್ರೆಸ್ ಇಲ್ಲದ ಪಾರ್ಸೆಲ್ ಬಂದ ಹಾಗೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ದಿವಾನ್ ಪೂರ್ಣಯ್ಯನವರ ಬಗ್ಗೆ ಒಂದು ಸ್ಮರಣ ಸಂಚಿಕೆ ಮಾಡಿಕೊಡಿ ಅಂತ ಕೆಲವು ಹಿರಿಯರು ಬಂದರು. ಪೂರ್ಣಯ್ಯ ಅಂದರೆ ನಮ್ಮ ಕಡೆಯವರಿಗೆ ದೂರದವರಲ್ಲ. 1807ರಲ್ಲಿ ಅವರಿಗೆ ಜಹಗೀರಾಗಿ ಸಿಕ್ಕಿದ್ದು ಯಳಂದೂರು. ಹೈದರ್, ಟಿಪ್ಪು ಇಬ್ಬರ ಹತ್ತಿರವೂ ಕೆಲಸ ಮಾಡಿ, 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಚಿಕ್ಕ ಮಗುವಾಗಿದ್ದಾಗ ರಾಜ್ಯ ನಡೆಸಿದವರು. ಸಂಚಿಕೆಗೆ ಅವರ ಕಾಲದ ಒಂದೆರಡು ಒಳ್ಳೆಯ ಭಾವಚಿತ್ರ ಬೇಕಿತ್ತು. ಒಂದು ವಸ್ತುಸಂಗ್ರಹಾಲಯದಲ್ಲಿ (ಹೆಸರು ಬೇಡ, ಅಲ್ಲಿರುವವರೂ ನಮ್ಮಂಥ ಮನುಷ್ಯರೇ) ಆ ಕಾಲದ್ದು ಅನ್ನುವ ಒಂದು ತೈಲಚಿತ್ರ ಇದೆ. ಬಸ್ ಹತ್ತಿ ಹೋದೆ.

ಚಿತ್ರದ ಕೆಳಗೆ ಒಂದು ಪಟ್ಟಿ ಇತ್ತು. ‘ಭಾವಚಿತ್ರ. ತೈಲವರ್ಣ.’ ಅಷ್ಟೇ. ಅದು ಭಾವಚಿತ್ರ ಅನ್ನುವುದು ಕಣ್ಣಿಗೆ ಕಾಣುತ್ತಲೇ ಇತ್ತು.

ಒಳ್ಳೆಯ ಒಂದು ಕಾಪಿ ಸಿಗುತ್ತಾ ಅಂತ ಕೇಳಿದೆ. ಅರ್ಜಿ ಕೊಡಿ ಅಂದರು. ಕೊಟ್ಟೆ. ಯಾವ ಉದ್ದೇಶಕ್ಕೆ ಅಂತ ಬರೆಯಿರಿ ಅಂದರು. ಬರೆದೆ. ಮೇಲಿನವರ ಒಪ್ಪಿಗೆ ಬರಬೇಕು ಅಂದರು. ಮೂರು ಸಲ ಹೋದೆ. ಮೂರನೇ ಸಲ ಒಬ್ಬ ಗುಮಾಸ್ತರು, ಪಾಪ ನನ್ನ ಮುಖ ನೋಡಿ ಅವರಿಗೇ ಸಂಕಟ ಆಗಿರಬೇಕು, ಮೆಲ್ಲಗೆ ಹೇಳಿದರು: “ಆಗೋದಿಲ್ಲ ಬಿಡಿ. ಅದಕ್ಕೆ ಕಾಪಿರೈಟ್ ಇದೆ ಸಾರ್.”

“ಯಾರದ್ದು?” ಅಂದೆ.

ಅವರು ಯೋಚನೆ ಮಾಡಿದರು. “ನಮ್ಮದು,” ಅಂದರು.

ಗಾಜಿನ ಹೊರಗಿನಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಅದಕ್ಕೆ ಅಡ್ಡಿ ಇಲ್ಲ ಅಂದರು. ತೆಗೆದೆ. ಎದುರು ಗೋಡೆಯ ಟ್ಯೂಬ್‌ಲೈಟು ಗಾಜಿನಲ್ಲಿ ಬಿದ್ದು ಆ ಮಹನೀಯರ ಎದೆಯ ಮೇಲೆ ಜನಿವಾರದ ಹಾಗೆ ಅಡ್ಡ ಮಲಗಿತ್ತು. ನನ್ನ ಅಂಗಿಯ ಜೇಬೂ ಮೂಲೆಯಲ್ಲಿ ಕಾಣುತ್ತಿತ್ತು. ಹಳದಿ ಬಲ್ಬಿನ ಬೆಳಕಿಗೆ ಬಿಳಿ ಬಟ್ಟೆ ಅರಿಶಿನದಲ್ಲಿ ಅದ್ದಿ ತೆಗೆದ ಹಾಗೆ ಆಗಿತ್ತು. ಅದನ್ನು ಮುದ್ರಿಸಲಿಲ್ಲ. ಆದರೆ ಅಂಥವೇ ಫೋಟೋಗಳು ಇವತ್ತು ಇಂಟರ್‌ನೆಟ್ಟಿನ ತುಂಬ ಇವೆ. ಯಾರೋ ತೆಗೆದು ಹಾಕಿದ್ದು, ಇನ್ಯಾರೋ ಟ್ಯೂಬ್‌ಲೈಟನ್ನು ಅಳಿಸಿದ್ದು, ಮತ್ಯಾರೋ ಹೆಸರು ಸೇರಿಸಿದ್ದು.

ಅದೇ ರಾತ್ರಿ ಮನೆಗೆ ಬಂದು ಹುಡುಕುತ್ತಾ ಕೂತೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲೆಯ ಸಂಗ್ರಹಾಲಯದಲ್ಲಿ ಪೂರ್ಣಯ್ಯನವರೇ ಸಿಕ್ಕರು. ಐರ್ಲೆಂಡಿನ ಕಲಾವಿದ ಥಾಮಸ್ ಹಿಕ್ಕಿ, ಸುಮಾರು 1801ರಲ್ಲಿ ಬರೆದ ತೈಲಚಿತ್ರ. ಪಕ್ಕದಲ್ಲಿ ಕಲಾವಿದನ ಹೆಸರು, ಅಂದಾಜು ಇಸವಿ, ಯಾರ ಸಂಗ್ರಹದಿಂದ ಬಂತು, ಎಲ್ಲ ಇದೆ. ಹಕ್ಕು: ಸಾರ್ವಜನಿಕ. ಒಂದು ಗುಂಡಿ ಒತ್ತಿದೆ, ದೊಡ್ಡ ಫೈಲು ಇಳಿಯಿತು. ಅರ್ಜಿ ಇಲ್ಲ, ಉದ್ದೇಶ ಇಲ್ಲ, ಮೇಲಿನವರ ಒಪ್ಪಿಗೆ ಇಲ್ಲ. ಹಿಗ್ಗಿಸಿ ನೋಡಿದರೆ ಕುಂಚದ ಗೆರೆಗಳೂ ಕಾಣುತ್ತಿದ್ದವು. ಸಾಗರದಾಚೆಯ ನ್ಯೂ ಹೇವನ್‌ನಿಂದ ಐದು ನಿಮಿಷದಲ್ಲಿ ಬಂದ ಪೂರ್ಣಯ್ಯ, ಬಸ್ಸಿನಲ್ಲಿ ಮೂರು ಸಲ ಹೋದರೂ ನಮ್ಮದೇ ನೆಲದಲ್ಲಿ ಬರಲಿಲ್ಲ.

ಖುಷಿ ಆಯಿತು, ನಿಜ. ಆದರೆ ಒಂದು ಮುಳ್ಳು ಉಳಿಯಿತು. ಆ ಚಿತ್ರ ನನಗೆ ಸಿಕ್ಕಿದ್ದು ಇಂಗ್ಲಿಷಿನಲ್ಲಿ, ಅದೂ ಆ ಕಾಲದ ದೊರೆಗಳ ಬಾಯಲ್ಲಿ ತಿರುಚಿದ ‘ಪೂರ್ನಿಯ’ ಅನ್ನುವ ಸ್ಪೆಲ್ಲಿಂಗಿನಲ್ಲಿ ಹುಡುಕಿದಾಗ. ನಮ್ಮೂರ ಶಾಲೆಯ ಹುಡುಗಿ ಕನ್ನಡದಲ್ಲಿ ‘ಪೂರ್ಣಯ್ಯ’ ಅಂತ ಟೈಪ್ ಮಾಡಿದರೆ ಆ ಬಾಗಿಲು ಅವಳಿಗೆ ಹೇಗೆ ತೆರೆಯಬೇಕು? ಕನ್ನಡದಲ್ಲಿ ಹೆಸರು, ಊರು, ವಿವರ ಸೇರಿಸುವ ಕೆಲಸವನ್ನು ಯೇಲ್‌ನವರು ಮಾಡಲಿ ಅಂತ ಕೇಳುವುದು ನ್ಯಾಯ ಅಲ್ಲ. ಅದು ನಮ್ಮ ಮನೆಗೆಲಸ.

ನಮ್ಮ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ವಕೀಲರಿದ್ದಾರೆ. ನನ್ನ ಹತ್ತಿರ ಸ್ಟಾಂಪ್ ಪೇಪರ್ ಟೈಪ್ ಮಾಡಿಸುತ್ತಾರೆ, ದುಡ್ಡಿಗೆ ಬದಲು ಕಾನೂನು ಹೇಳುತ್ತಾರೆ. ‘ನಮ್ಮದು’ ಅಂದ ಆ ಮಾತು ಅವರಿಗೆ ಹೇಳಿದೆ. ಅವರು ನಕ್ಕು, 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ತೆಗೆದು ತೋರಿಸಿದರು. ಕಲಾವಿದ ಬದುಕಿರುವಷ್ಟು ಕಾಲ, ಆಮೇಲೆ ಅರವತ್ತು ವರ್ಷ. ಅಷ್ಟೇ. ಸತ್ತ ವರ್ಷ ಮುಗಿದು ಮುಂದಿನ ಜನವರಿಯಿಂದ ಲೆಕ್ಕ. ಥಾಮಸ್ ಹಿಕ್ಕಿ ಮದ್ರಾಸಿನಲ್ಲಿ ತೀರಿಕೊಂಡಿದ್ದು 1824ರಲ್ಲಿ. ರಾಜಾ ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ನಮ್ಮ ಕೆ. ವೆಂಕಟಪ್ಪನವರು 1965ರಲ್ಲಿ. ಅಂದರೆ ವೆಂಕಟಪ್ಪನವರ ಲೆಕ್ಕವೂ 2025ರ ಡಿಸೆಂಬರ್ 31ರವರೆಗೆ ಮಾತ್ರ.

ಕ್ಯಾನ್ವಾಸು ನಿಮ್ಮದೇ. ಅದರಲ್ಲಿ ತಕರಾರಿಲ್ಲ. ಗೋಡೆ ನಿಮ್ಮದು, ಬೀಗ ನಿಮ್ಮದು, ಒಳಗೆ ಬಿಡುವುದು ಬಿಡದಿರುವುದು ನಿಮ್ಮ ಕೈಲಿದೆ. ಆದರೆ ವಸ್ತುವಿನ ಒಡೆತನ ಬೇರೆ, ಕಾಪಿರೈಟ್ ಬೇರೆ. ತಾತನ ಕಾಲದ ಪುಸ್ತಕ ನಿಮ್ಮ ಬೀರುವಿನಲ್ಲಿದೆ ಅಂದಮಾತ್ರಕ್ಕೆ ಅದರಲ್ಲಿನ ಪದ್ಯ ನಿಮ್ಮದಾಗುವುದಿಲ್ಲವಲ್ಲ.

“ಚಿತ್ರ ಹಳೆಯದಿರಬಹುದು, ನಾವು ತೆಗೆಸಿದ ಫೋಟೋ ಹೊಸದು” ಅಂತ ಕೆಲವರು ಹೇಳುತ್ತಾರೆ. ಇದು ಸ್ವಲ್ಪ ಗಟ್ಟಿ ವಾದ. ಆದರೆ ನಮ್ಮ ಸುಪ್ರೀಂ ಕೋರ್ಟು 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಒಂದು ಅಳತೆಗೋಲು ಕೊಟ್ಟಿದೆ. ಬರೀ ದುಡಿಮೆ, ಬರೀ ಖರ್ಚು ಸಾಲದು, ಕೆಲಸದಲ್ಲಿ ಒಂದಿಷ್ಟಾದರೂ ಸೃಜನಶೀಲತೆ ಇರಬೇಕು ಅಂತ. ಆ ಕೇಸು ಚಿತ್ರಗಳದ್ದಲ್ಲ, ಕೋರ್ಟಿನ ತೀರ್ಪುಗಳನ್ನು ಅಚ್ಚು ಹಾಕುವುದರ ಬಗ್ಗೆ. ಆದರೂ ಗೋಡೆಯ ಮೇಲಿನ ಚಪ್ಪಟೆ ಚಿತ್ರವನ್ನು ಇದ್ದಹಾಗೆಯೇ ಫೋಟೋ ತೆಗೆಯುವುದಕ್ಕೆ ಅದೇ ಕೋಲು ಹಿಡಿದು ನೋಡಿ. ಒಳ್ಳೆಯ ಫೋಟೋಗ್ರಾಫರ್ ಅಲ್ಲಿ ತನ್ನದು ಅಂತ ಏನನ್ನೂ ಸೇರಿಸಬಾರದು, ಅದೇ ಅವನ ಜಾಣತನ. ಏನೂ ಸೇರಿಸದಿದ್ದರೆ ಹಕ್ಕು ಎಲ್ಲಿಂದ ಬಂತು? ಸೇರಿಸಿದ್ದರೆ ಅದು ಸರಿಯಾದ ನಕಲು ಹೇಗಾಯಿತು? ಇದು ನಮ್ಮ ವಕೀಲರ ಮಾತು. ಅವತ್ತಿನ ಟೈಪಿಂಗ್ ದುಡ್ಡು ನಾನು ತೆಗೆದುಕೊಳ್ಳಲಿಲ್ಲ.

ಇದು ಹೊಸ ಜಗಳವೇನಲ್ಲ. ನ್ಯೂಯಾರ್ಕಿನ ಕೋರ್ಟು 1999ರಲ್ಲೇ ಬ್ರಿಡ್ಜ್‌ಮನ್ ಪ್ರಕರಣದಲ್ಲಿ ಇಂಥ ಫೋಟೋಗೆ ಹೊಸ ಕಾಪಿರೈಟ್ ಇಲ್ಲ ಅಂದಿತು. 2009ರಲ್ಲಿ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ, ತನ್ನ 3,300ಕ್ಕೂ ಹೆಚ್ಚು ಭಾವಚಿತ್ರಗಳನ್ನು ಇಳಿಸಿ ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯಾಕ್ಕೆ ಹಾಕಿದ ಒಬ್ಬ ಸ್ವಯಂಸೇವಕನಿಗೆ ವಕೀಲರ ನೋಟಿಸ್ ಕಳಿಸಿತು. ಗಲಾಟೆ ಆಯಿತು, ವಿಷಯ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಮೂರು ವರ್ಷ ಆದಮೇಲೆ ಗ್ಯಾಲರಿಯೇ ಲಾಭಕ್ಕಲ್ಲದ ಬಳಕೆಗೆ ಸಾವಿರಾರು ಚಿತ್ರಗಳನ್ನು ಸಣ್ಣ ಗಾತ್ರದಲ್ಲಿ ಬಿಟ್ಟುಕೊಟ್ಟಿತು. 2019ರಲ್ಲಿ ಯುರೋಪಿನ ಒಕ್ಕೂಟ ನಿಯಮವನ್ನೇ ಮಾಡಿತು: ಹಕ್ಕು ಮುಗಿದ ಚಿತ್ರದ ಬರೀ ನಕಲಿಗೆ ಹೊಸ ಹಕ್ಕು ಇಲ್ಲ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಆಮ್‌ಸ್ಟರ್‌ಡಾಮಿನ ಕತೆ. ಅಲ್ಲಿನ ರೈಕ್ಸ್ ಮ್ಯೂಸಿಯಂನಲ್ಲಿ ಡಚ್ ಕಲಾವಿದ ವರ್ಮೀರ್ ಬರೆದ ಹಾಲು ಸುರಿಯುವ ಹೆಂಗಸಿನ ಚಿತ್ರ ಇದೆ. ಅದರ ಕೆಟ್ಟ, ಹಳದಿ ಬಡಿದ ನಕಲುಗಳು ಇಂಟರ್‌ನೆಟ್ಟಿನಲ್ಲಿ 10,000ಕ್ಕೂ ಹೆಚ್ಚು ಇದ್ದವು. ಆ ಹಳದಿ ನೋಡಿ ನೋಡಿ ಅಭ್ಯಾಸವಾದ ಜನ, ಮ್ಯೂಸಿಯಂ ಅಂಗಡಿಯಲ್ಲಿ ಸರಿಯಾದ ಬಣ್ಣದ ಕಾರ್ಡು ಕಂಡು ಇದೇ ಸರಿಯಿಲ್ಲ ಅಂದರಂತೆ! ಆಗ ಮ್ಯೂಸಿಯಂನವರು ಕೇಸು ಹಾಕುತ್ತಾ ಕೂರಲಿಲ್ಲ. ಒಳ್ಳೆಯ ಕಾಪಿಯನ್ನು ತಾವೇ ಹೊರಗೆ ಬಿಟ್ಟರು. ಒಳ್ಳೆಯದು ಪುಕ್ಕಟೆ ಸಿಗುವಾಗ ಕೆಟ್ಟದ್ದನ್ನು ಯಾರು ಇಳಿಸುತ್ತಾರೆ? ನಾನಂತೂ ಇಳಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬ್ಯಾನರು ಮುಗಿಸಬೇಕಾದ ಡಿಸೈನರ್ ಸತ್ಯಸಂಧನೂ ಅಲ್ಲ, ಕಳ್ಳನೂ ಅಲ್ಲ. ಬೇಗ ಸಿಕ್ಕಿದ್ದನ್ನು ಹಾಕುತ್ತಾನೆ. ಸರಿಯಾದದ್ದು ಬೇಗ ಸಿಗುವ ಹಾಗೆ ಮಾಡುವುದು ನಿಮ್ಮ ಕೈಲಿದೆ. ನೀವು ಬೀಗ ಹಾಕಿಟ್ಟ ಪ್ರತಿ ಚಿತ್ರದ ಜಾಗದಲ್ಲಿ ಒಬ್ಬ ಟಿಪ್ಪು ಟಿಪ್ ಬಂದು ಕೂರುತ್ತಿದ್ದಾನೆ.

ಕೆಟ್ಟ ನಕಲು ಅಂದರೆ ಬಣ್ಣ ಒಂದೇ ಅಲ್ಲ. ಹೋದ ವರ್ಷ ಒಬ್ಬರು ಅವರ ಮುತ್ತಾತನ ಫೋಟೋ ತಂದರು. ಗೆದ್ದಲು ಹಿಡಿದ ಫ್ರೇಮು, ಮಸುಕಾದ ಮುಖ. ದೊಡ್ಡದು ಮಾಡಿ ಅಂದರು. ನನ್ನ ಹುಡುಗ ಅದನ್ನು ಒಂದು ಎಐ ಆಪ್‌ಗೆ ಹಾಕಿದ. ಎರಡೇ ನಿಮಿಷಕ್ಕೆ ಮುತ್ತಾತ ಫಳಫಳ ಹೊಳೆಯುತ್ತಾ ಬಂದರು. ಕಣ್ಣಲ್ಲಿ ಬೆಳಕು, ಮೀಸೆಯ ಒಂದೊಂದು ಕೂದಲೂ ಲೆಕ್ಕಕ್ಕೆ ಸಿಗುತ್ತಿತ್ತು. ನಮಗೆಲ್ಲ ಹೆಮ್ಮೆ. ಮರುದಿನ ಅವರ ಅಜ್ಜಿಯನ್ನು ಕರೆದುಕೊಂಡು ಬಂದರು. ಎಂಬತ್ತು ದಾಟಿದ ಹೆಂಗಸು. ಫೋಟೋ ಹತ್ತಿರ ಹಿಡಿದರು, ದೂರ ಹಿಡಿದರು. “ಇದು ನಮ್ಮ ಮಾವನೋರಲ್ಲ ಕಣಪ್ಪ. ಅವ್ರಿಗೆ ಮುಖದ ತುಂಬ ಸಿಡುಬಿನ ಕಲೆ ಇತ್ತು. ಅದೆಲ್ಲೋಯ್ತು?”

ಹಳೇ ಫೋಟೋ ತೆಗೆದು ಬೆಳಕಿಗೆ ಹಿಡಿದೆವು. ಮಸುಕಿನ ಒಳಗೆ ಚುಕ್ಕಿ ಚುಕ್ಕಿ ಇತ್ತು. ಆಪ್ ಅದನ್ನು ಕೊಳೆ ಅಂತ ತಿಳಿದು ಒರೆಸಿ ಹಾಕಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ಅದೇ ಹಿಕ್ಕಿ ಸುಮಾರು 1805ರಲ್ಲಿ ಮೈಸೂರಿನಲ್ಲಿ ಬರೆದ ಇನ್ನೊಂದು ಚಿತ್ರ ಇದೆ. ಮೂವರು ಹೆಂಗಸರು, ಮೈತುಂಬ ಒಡವೆ. ಇವರು ಕುಣಿಯುವ ‘ನಾಚ್’ ಹುಡುಗಿಯರು, ವೇಶ್ಯೆಯರು ಅಂತ ಬಹಳ ಕಾಲ ತಿಳಿದಿದ್ದರು. ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು ಬೇರೆಯದೇ ಗುರುತು ಹೇಳಿದರು: ಇವರು ಮೈಸೂರು ಅರಮನೆಯ ಹೆಣ್ಣುಮಕ್ಕಳು, ಸಿಡುಬಿನ ಹೊಸ ಲಸಿಕೆಯ ಪ್ರಚಾರಕ್ಕಾಗಿ ಕೂತವರು. ಬಲಗಡೆ ಇರುವವರು ಮುಮ್ಮಡಿಯವರ ಕಿರಿಯ ರಾಣಿ ದೇವಾಜಮ್ಮಣ್ಣಿ. ಸಾಮಾನ್ಯವಾಗಿ ಸೀರೆ ಮುಚ್ಚುವ ಎಡತೋಳನ್ನು ಅವರು ತೆರೆದು ತೋರಿಸುತ್ತಿರುವುದು ಲಸಿಕೆ ಚುಚ್ಚಿಸಿಕೊಂಡ ಜಾಗವನ್ನು. ಎಡಗಡೆಯ ಹಿರಿಯ ರಾಣಿಯ ಮೂಗಿನ ಕೆಳಗೆ, ಬಾಯಿಯ ಸುತ್ತ ಬಣ್ಣ ಮಾಸಿದೆ. ಸಿಡುಬಿನ ಹಕ್ಕಳೆಯನ್ನು ಪುಡಿ ಮಾಡಿ ಮೂಗಿಗೆ ಊದುತ್ತಿದ್ದ ಹಳೆಯ ಪದ್ಧತಿಯ ಗುರುತು ಅದು ಅಂತ ಅವರ ವಾದ.

ಈಗ ಆ ಚಿತ್ರವನ್ನು ನಮ್ಮ ಹುಡುಗನ ಆಪ್‌ಗೆ ಹಾಕಿ ನೋಡಿ. ಮೂಗಿನ ಕೆಳಗಿನ ಮಾಸಲನ್ನು ಅದು ಮುತ್ತಾತನ ಕಲೆಯ ಹಾಗೇ ಒರೆಸಿಬಿಡುತ್ತದೆ. ಎಡಬಲ ತಿರುಗಿಸಿ ಹಾಕಿದರೆ (ಬ್ಯಾನರಿನಲ್ಲಿ ಮುಖ ಒಳಗಡೆ ನೋಡಲಿ ಅಂತ ನಾವು ದಿನಾ ಹಾಗೆ ತಿರುಗಿಸುತ್ತೇವೆ) ಎಡತೋಳು ಬಲತೋಳಾಗುತ್ತದೆ, ಸೆರಗು ತಪ್ಪು ಹೆಗಲಿಗೆ ಹೋಗುತ್ತದೆ. ಚಿತ್ರ ಚೆನ್ನಾಗೇ ಕಾಣುತ್ತೆ. ಅದು ಹೇಳಬೇಕಾಗಿದ್ದ ಮಾತು ಮಾತ್ರ ಅದರಲ್ಲಿ ಇರುವುದಿಲ್ಲ.

ಕತ್ತರಿಸುವುದೂ ಹಾಗೇ. ಕರ್ನಲ್ ಕಾಲಿನ್ ಮೆಕೆಂಝಿಯ ಒಂದು ಭಾವಚಿತ್ರ ಇದೆ, ಮತ್ತೆ ಹಿಕ್ಕಿಯದೇ, 1816ರದ್ದು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಟಿಪ್ಪು ನಂತರ ಮೈಸೂರು ಸೀಮೆಯನ್ನು ಸರ್ವೇ ಮಾಡಿದವನು, ಊರೂರಿನ ಇತಿಹಾಸ ಬರೆದಿಟ್ಟ ನಮ್ಮ ಕೈಫಿಯತ್ತುಗಳನ್ನು ಕೂಡಿಸಿದವನು. ಒಂದು ಸೆಮಿನಾರಿನ ಪೋಸ್ಟರಿಗೆ ಅಂತ ನನಗೆ ಬಂದ ಫೈಲಿನಲ್ಲಿ ಕೆಂಪು ಕೋಟಿನ ಸಾಹೇಬ ಒಬ್ಬನೇ ಇದ್ದ. ಪೂರ್ತಿ ಚಿತ್ರ ಹುಡುಕಿ ತೆಗೆದು ನೋಡಿದರೆ ಅವನ ಸುತ್ತ ಮೂವರು ನಮ್ಮವರು ನಿಂತಿದ್ದಾರೆ. ತಾಳೆಗರಿ ಹಿಡಿದವರನ್ನು, ಹಳಗನ್ನಡ ಶಾಸನ ಓದಲು ಅವನಿಗೆ ನೆರವಾದ ಜೈನ ಪಂಡಿತ ಧರ್ಮಯ್ಯ ಅಂತ ಗುರುತಿಸುತ್ತಾರೆ. ಹಿಂದೆ ದೂರದ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟ! ಒಂದು ಕ್ರಾಪ್‌ನಲ್ಲಿ ಧರ್ಮಯ್ಯನೂ ಹೋದರು, ಗೊಮ್ಮಟನೂ ಹೋದ. ಕನ್ನಡದ ಕೆಲಸಕ್ಕೆ ಅಂತ ಮಾಡಿದ ಪೋಸ್ಟರಿನಲ್ಲಿ ಕನ್ನಡಿಗರನ್ನೇ ಕತ್ತರಿಸಿದ್ದರು.

ಇಷ್ಟೆಲ್ಲ ನಿಮಗೆ ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಲೇಬೇಕು. ನಮ್ಮೂರಲ್ಲಿ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇದ್ದಾರೆ. ವರ್ಷಗಳ ಹಿಂದೆ ಅವರು ಬರೆದ ಕೆಂಪೇಗೌಡರ ಚಿತ್ರ ಎಲ್ಲೆಲ್ಲೋ ಸುತ್ತಿ ನನ್ನ ಕಂಪ್ಯೂಟರಿಗೂ ಬಂದಿತ್ತು. ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ಸಹಿ. ಆ ಜಾಗಕ್ಕೆ ಒಬ್ಬ ಮುಖಂಡರ ಫೋಟೋ ಬರಬೇಕಿತ್ತು. ಸಹಿಯನ್ನು ಕತ್ತರಿಸಿದವನು ನಾನೇ. ಮಾರನೇ ದಿನ ಮೇಷ್ಟ್ರು ಅಂಗಡಿ ಮುಂದೆ ನಿಂತಿದ್ದರು. ಸಿಟ್ಟಿಲ್ಲ, ಕೂಗಾಟ ಇಲ್ಲ. “ಚಿತ್ರ ಹಾಕ್ಕೊಂಡಿದ್ದಕ್ಕೆ ಸಂತೋಷ ಕಣಪ್ಪ. ನನ್ನ ಸಹಿ ಎಲ್ಲಿ?”

“ರಾಜರ ಚಿತ್ರ ಅಲ್ವಾ ಸಾರ್, ಹಳೇದು…” ಅಂತ ಏನೋ ಅಂದೆ.

“ಕೆಂಪೇಗೌಡ್ರು ಹಳಬರು. ನಾನಿನ್ನೂ ಬದುಕಿದೀನಲ್ಲಪ್ಪ,” ಅಂದರು.

ನಾಚಿಕೆ ಆಯಿತು. ನಮ್ಮಲ್ಲಿ ಎಲ್ಲವೂ ತಲೆಕೆಳಗು. ಇನ್ನೂರು ವರ್ಷದ ಹಿಂದೆ ಸತ್ತ ಕಲಾವಿದನ ಚಿತ್ರಕ್ಕೆ ಕಾಪಿರೈಟ್ ಇದೆ ಅನ್ನುತ್ತೇವೆ, ಪಕ್ಕದ ಬೀದಿಯಲ್ಲಿ ಬದುಕಿರುವವರ ಚಿತ್ರವನ್ನು ಊರ ಆಸ್ತಿ ಅಂದುಕೊಳ್ಳುತ್ತೇವೆ. ಬಸವಣ್ಣ, ಅಕ್ಕಮಹಾದೇವಿ, ಕನಕದಾಸರು, ಪುರಂದರದಾಸರು, ಒನಕೆ ಓಬವ್ವ, ಇವರಲ್ಲಿ ಯಾರನ್ನೂ ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರ ನಾವು ಬಳಸುತ್ತಿಲ್ಲ. ಎಲ್ಲವೂ ಆಮೇಲಿನ ಕಲಾವಿದರ ಕಲ್ಪನೆ, ಜಾಸ್ತಿ ಪಾಲು ಕಳೆದ ಶತಮಾನದ್ದು. ಕಲ್ಪನೆ ತಪ್ಪೇನಲ್ಲ. ಭಕ್ತಿಗೆ ಒಂದು ಮುಖ ಬೇಕು. ಆದರೆ ಅದು ಕಲ್ಪನೆ ಅಂತ ಹೇಳಬೇಕು, ಕಲ್ಪಿಸಿದವರ ಹೆಸರು ಹೇಳಬೇಕು. ಕಾಯ್ದೆಯಲ್ಲೂ ಅದಕ್ಕೆ ಜಾಗ ಇದೆ. ಹಕ್ಕನ್ನು ಮಾರಿಬಿಟ್ಟ ಮೇಲೂ, ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ, ಅದನ್ನು ಕೆಡಿಸಿದರೆ ಕೇಳುವ ಹಕ್ಕು ಕಲಾವಿದನಿಗೆ ಉಳಿಯುತ್ತದೆ, 57ನೇ ಕಲಮು. ಮೇಷ್ಟ್ರಿಗೆ ಆ ಕಲಮು ಗೊತ್ತಿರಲಿಲ್ಲ. ಸಹಿ ಎಲ್ಲಿ ಅಂತ ಮಾತ್ರ ಕೇಳಿದ್ದರು. ಆ ಬ್ಯಾನರನ್ನು ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಿದೆ. ಮುಖಂಡರ ಫೋಟೋ ಸ್ವಲ್ಪ ಚಿಕ್ಕದಾಯಿತು.

ನಿಮ್ಮ ಕಷ್ಟ ನನಗೆ ಅರ್ಥ ಆಗದೆ ಇಲ್ಲ. ಜನ ಕಡಿಮೆ, ದುಡ್ಡು ಕಡಿಮೆ. ಫ್ಲ್ಯಾಶ್ ಹೊಡೆಯಲು ಬಿಟ್ಟರೆ ದಿನಕ್ಕೆ ಸಾವಿರ ಸಲ ಹೊಡೆಯುತ್ತಾರೆ, ಹಳೆಯ ಬಣ್ಣಕ್ಕೆ ಬೆಳಕು ಒಳ್ಳೆಯದಲ್ಲ. ಮೈಸೂರು ಶೈಲಿಯ ಚಿತ್ರದ ಚಿನ್ನದ ರೇಕಿನ ಮೇಲೆ ಫ್ಲ್ಯಾಶ್ ಬಿದ್ದರೆ ಚಿನ್ನ ಹೋಗಿ ಬರೀ ಬಿಳಿ ಚುಕ್ಕೆ ಉಳಿಯುತ್ತದೆ, ಅದೂ ಗೊತ್ತು. ಅದಕ್ಕೇ ಹೇಳುವುದು: ಸಾವಿರ ಜನ ಸಾವಿರ ಸಲ ಕೆಟ್ಟದಾಗಿ ತೆಗೆಯುವ ಬದಲು ನೀವೇ ಒಂದು ಸಲ ಸರಿಯಾಗಿ ತೆಗೆಸಿ. ಗಾಜು ತೆಗೆದು, ಎರಡೂ ಕಡೆಯಿಂದ ಸಮನಾದ ಬೆಳಕು ಕೊಟ್ಟು, ಪಕ್ಕದಲ್ಲಿ ಬಣ್ಣದ ಪಟ್ಟಿ ಇಟ್ಟು. ಆ ಪಟ್ಟಿ ಫೋಟೋದಲ್ಲೇ ಇದ್ದರೆ ನನ್ನ ಮಾನಿಟರ್ ಎಷ್ಟು ಹಳದಿಯಾಗಿದ್ದರೂ ಬಣ್ಣವನ್ನು ಸರಿಗೆ ತರಬಹುದು. ಫ್ರೇಮ್ ಸಮೇತ ಪೂರ್ತಿ ಚಿತ್ರ ಇರಲಿ, ಬೇಕಾದವರು ಕತ್ತರಿಸಿಕೊಳ್ಳಲಿ, ಪೂರ್ತಿ ಇದ್ದದ್ದು ಹೇಗೆ ಅಂತ ನೋಡಲು ಒಂದು ಜಾಗ ಇರಲಿ. ಚಿತ್ರದ ನಡುವೆ ವಾಟರ್‌ಮಾರ್ಕ್ ಬೇಡ. ಅದನ್ನು ಅಳಿಸಲು ಹೋಗಿಯೇ ಮೂಗು ಬಾಯಿ ಎಲ್ಲ ಅಳಿಸಿ ಹೋಗುವುದು. ಹೊಸದಾಗಿ ಫೋಟೋ ತೆಗೆಸಿಕೊಡಲು ಖರ್ಚು ಆಗುತ್ತದೆ ಅಂದರೆ ಖರ್ಚು ತೆಗೆದುಕೊಳ್ಳಿ, ರಸೀದಿ ಕೊಡಿ. ಅದು ಸೇವೆಯ ಶುಲ್ಕ. ಅದಕ್ಕೆ ಕಾಪಿರೈಟ್ ಅಂತ ಹೆಸರಿಡಬೇಡಿ.

ಮತ್ತೆ ಆ ಪಟ್ಟಿ. ‘ಭಾವಚಿತ್ರ. ತೈಲವರ್ಣ.’ ಅದನ್ನು ಮಾತ್ರ ದಯವಿಟ್ಟು ಬದಲಾಯಿಸಿ. ಯಾರದ್ದು, ಯಾರು ಬರೆದಿದ್ದು, ಎಂದು, ಎದುರಿಗೆ ಕೂರಿಸಿಕೊಂಡು ಬರೆದಿದ್ದೋ ಸತ್ತಮೇಲೆ ಬರೆದಿದ್ದೋ ಊಹಿಸಿ ಬರೆದಿದ್ದೋ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆಯಿರಿ, ಅದರಲ್ಲಿ ಅವಮಾನ ಏನಿದೆ? ಅಜಂತಾದ ಒಂದನೇ ಗುಹೆಯಲ್ಲಿ ಪರದೇಶದ ಉಡುಗೆಯವರು ಒಬ್ಬ ರಾಜನ ಮುಂದೆ ನಿಂತಿರುವ ಚಿತ್ರ ಇದೆ. ಅದು ನಮ್ಮ ಇಮ್ಮಡಿ ಪುಲಕೇಶಿಯ ಆಸ್ಥಾನಕ್ಕೆ ಪರ್ಷಿಯಾದ ರಾಯಭಾರಿ ಬಂದದ್ದು ಅಂತ 1879ರಲ್ಲಿ ಫರ್ಗುಸನ್ ಎಂಬ ವಿದ್ವಾಂಸರು ಹೇಳಿದರು. ಆಮೇಲೆ ಬಂದ ವಿದ್ವಾಂಸರು, ಆ ಗುಹೆಯ ಚಿತ್ರಗಳು ಪುಲಕೇಶಿಗಿಂತ ನೂರಕ್ಕೂ ಹೆಚ್ಚು ವರ್ಷ ಹಳೆಯವು ಅಂತ ಆ ಗುರುತನ್ನು ಬಿಟ್ಟರು. ನನ್ನ ಹತ್ತಿರ ಬರುವ ಫೈಲುಗಳಲ್ಲಿ ಮಾತ್ರ ಈಗಲೂ ಪುಲಕೇಶಿಯೇ. ನನಗೂ ಬಿಡಲು ಮನಸ್ಸಿಲ್ಲ, ಎಷ್ಟು ಚಂದ ಇತ್ತು ಆ ಕತೆ! ಆದರೆ ಮೊದಲು ಹೀಗೆ ತಿಳಿದಿದ್ದರು, ಈಗ ಹೀಗೆ ತಿಳಿಯುತ್ತಾರೆ ಅಂತ ಎರಡು ಸಾಲು ಚಿತ್ರದ ಜೊತೆ ಇದ್ದರೆ ನಾನು ಗಿರಾಕಿಗೆ ತೋರಿಸಬಹುದು. ನನ್ನ ಮಾತು ಅವರು ಕೇಳುವುದಿಲ್ಲ. ಸರ್ಕಾರದ ಸೀಲು ಇರುವ ಎರಡು ಸಾಲಿಗೆ ಬೆಲೆ ಇದೆ.

ಹಾಗಂತ ನಿಜವಾದ ಮುಖ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಕೃಷ್ಣದೇವರಾಯ ತನ್ನ ಕಾಲದಲ್ಲೇ ಮಾಡಿಸಿದ ಲೋಹದ ವಿಗ್ರಹ, ಇಬ್ಬರು ರಾಣಿಯರ ಜೊತೆ, ತಿರುಮಲೆಯ ದೇವಸ್ಥಾನದಲ್ಲಿ ಕೈಮುಗಿದು ನಿಂತಿದೆ, ಹೆಸರೂ ಕೆತ್ತಿದೆ. ಆದರೆ ರಾಯರ ಬ್ಯಾನರಿಗೆ ಜನ ತರುವುದು ಸಿನಿಮಾದ ಮೀಸೆಯನ್ನೇ.

ನಿಮ್ಮಲ್ಲಿ ಫೋಟೋ ತೆಗೆಯುವವರಿಲ್ಲ ಅಂದರೆ ಅದಕ್ಕೂ ಒಂದು ದಾರಿ ಇದೆ. ನನ್ನ ಹತ್ತಿರ ಒಂದು ಒಳ್ಳೆಯ ಕ್ಯಾಮೆರಾ, ಟ್ರೈಪಾಡು, ಎರಡು ಲೈಟು, ಒಂದು ಬಣ್ಣದ ಪಟ್ಟಿ ಇದೆ. ಮೇಷ್ಟ್ರು ಜೊತೆಗೆ ಬರುತ್ತೇನೆ ಅಂದಿದ್ದಾರೆ, ವಿವರ ಬರೆದುಕೊಳ್ಳಲು. ವಕೀಲರೂ ಬರಬಹುದು, ಅವರಿಗೆ ಊಟ ಹಾಕಿಸಬೇಕು. ನಿಮಗೆ ರಜೆ ಇರುವ ದಿನ ಹೇಳಿ, ನಾನು ಅಂಗಡಿ ಮುಚ್ಚಿ ಬರುತ್ತೇನೆ. ದುಡ್ಡು ಬೇಡ, ಫೋಟೋದ ಮೇಲೆ ನನಗೆ ಯಾವ ಹಕ್ಕೂ ಬೇಡ. ಆ ಎದುರು ಗೋಡೆಯ ಟ್ಯೂಬ್‌ಲೈಟಿನ ಸ್ವಿಚ್ಚು ಎಲ್ಲಿದೆ ಅಂತ ತೋರಿಸಿದರೆ ಸಾಕು.

ಇಂತಿ ನಿಮ್ಮ,
ಒಬ್ಬ ಫ್ಲೆಕ್ಸ್ ಅಂಗಡಿಯವನು